ಹೊಳೆಗೆ ಹೊರಟ ತಂಬಿಗೆ

ನನ್ನ ತವರು ಯಮಕನಮರಡಿಯಲ್ಲೂ ನೀರು ಸೋಸಿಯೇ ಕುಡಿಯುತ್ತಿದ್ದೆವು. ಆದರೆ ಬಟ್ಟೆ ಝಾಡಿಸಿ ಒಣಹಾಕಿದರೆ ಮುಗಿಯಿತು. ಮದುವೆಯಾಗಿ ಮಮದಾಪುರಕ್ಕೆ ಬಂದ ಮೇಲೆ ಅತ್ತೆಯ ಕಟ್ಟುನಿಟ್ಟು ನೋಡಿ ತಲೆ ಚಿಟ್ಟು ಹಿಡಿಯಿತು. ಜೈನರ ಹಳೆಯ ಪದ್ಧತಿ: ಸೋಸಿದ ಬಟ್ಟೆಯಲ್ಲಿ ಉಳಿದ ಸಣ್ಣ ಜೀವಗಳನ್ನು ತೊಳೆದು, ನೀರು ತಂದ ಬಾವಿಗೇ ಮರಳಿಸಬೇಕು. ಮೇಲಿಂದ ಸುರಿಯುವಂತಿಲ್ಲ, ಕೊಡ ನೀರು ಮುಟ್ಟುವವರೆಗೆ ಹಗ್ಗ ಬಿಡಬೇಕು. ಬೆಳಗಿನ ಗಡಿಬಿಡಿಯಲ್ಲಿ ನಾನು ಗೊಣಗುತ್ತಲೇ ಮಾಡುತ್ತಿದ್ದೆ.

ತೊಂಬತ್ತರ ದಶಕದ ಕೊನೆಗೆ ಮನೆಗೆ ನಳ ಬಂತು, ಗೋಕಾಕದ ಹೊಳೆಯ ನೀರು. ಹಿತ್ತಲ ಬಾವಿ ಬೇಸಿಗೆಯಲ್ಲಿ ಹೇಗೂ ತಳ ಕಾಣುತ್ತಿತ್ತು. ಅದನ್ನು ಮುಚ್ಚಿ ಮೇವಿನ ಶೆಡ್ಡು ಹಾಕೋಣವೆಂದು ನನ್ನ ಗಂಡ ಎರಡು ಟ್ರ್ಯಾಕ್ಟರ್ ಕಲ್ಲು ತರಿಸಿದ. ನಾನು ಹೂಂ ಅಂದೆ. ಅತ್ತೆಯನ್ನು ಯಾರೂ ಕೇಳಲಿಲ್ಲ.

ಮರುದಿನ ನಳದ ನೀರು ಸೋಸಿ, ರೂಢಿಯಂತೆ ಬಾವಿಗೆ ಬಿಡಲು ಹೋದೆ. ಅತ್ತೆ ಕೈ ಹಿಡಿದರು.

"ಅವು ಹೊಳಿ ಜೀವ. ಇಲ್ಲಿ ಬಿಟ್ರ ಬದುಕ್ತಾವೇನ?"

"ಕಣ್ಣಿಗಿ ಕಾಣದ್ದಕ್ಕ ಇಷ್ಟೆಲ್ಲಾ ಯಾಕ್ರಿ ಅತ್ತೀ?"

"ನಿನಗ ಕಾಣಂಗಿಲ್ಲಂತ ಅವಕ್ಕ ಮನಿ ಇಲ್ಲೇನ?"

ಬಟ್ಟೆ ತೊಳೆದ ನೀರಿನ ತಂಬಿಗೆ ಹಿಡಿದು ಅತ್ತೆ ಗೋಕಾಕದ ಬಸ್ಸು ಹತ್ತಿಯೇ ಬಿಟ್ಟರು. ಸಿಡಿಮಿಡಿ ಎನ್ನುತ್ತ ನಾನೂ ಹಿಂದೆ ಹೊರಟೆ. ಬಾಜೂಕ್ಕೆ ಕೂತವಳು "ತೀರ್ಥ ಏನ್ರಿ?" ಎಂದಳು.

"ಇಲ್ಲವಾ, ಅವರ ಮನಿಗಿ ಮುಟ್ಟಸಾಕ ಹೊಂಟೇವಿ" ಎಂದರು ಅತ್ತೆ.

ನಾಚಿಕೆಯಿಂದ ನಾನು ಕಿಟಕಿಯ ಹೊರಗೆ ನೋಡಿದೆ.

ಹೀಗೆ ನಾಲ್ಕು ದಿನ ಹೋದೆವು. ಐದನೆಯ ದಿನ ಹೊಳೆಗೆ ಇಳಿದ ಅತ್ತೆಗೆ ಮೇಲೆ ಹತ್ತಲು ಆಗಲಿಲ್ಲ. ಕಾಲು ಬಾತಿದ್ದವು. ಮೆಟ್ಟಿಲ ಮೇಲೆ ಕುಸಿದು ಕೂತರು.

"ನಾಳೆ ನನ್ನ ಕೈಲೆ ಆಗಂಗಿಲ್ಲವಾ. ಕೈಗಿ ಎಟಕೂ ನೀರ ಕುಡದ್ರ ತಿರಗಿ ಕೊಡಾಕ ಬರತೈತಿ. ಇಷ್ಟ ದೂರದ್ದ ಕುಡದ್ರ ಬರೇ ತಗೊಳ್ಳೂದ ಆಗತೈತಿ."

ಅಷ್ಟು ಹೇಳಿ ಅತ್ತರು. ನನಗೂ ಅಳು ತಡೆಯಲಾಗಲಿಲ್ಲ. ಐದು ದಿನ ಅವರ ಜೊತೆ ತಿರುಗಿಯೂ ನಾನು ಗೊಣಗಿದ್ದೇ ಬಂತು.

ಮನೆಗೆ ಬಂದು ಗಂಡನಿಗೆ ಎಲ್ಲ ಹೇಳಿದೆ. ಮರುದಿನ ಅವನು ಆಳುಗಳನ್ನು ಕರೆಸಿ ಬಾವಿಯ ಹೂಳು ತೆಗೆಸಿದ, ಕುಡಿಯಲು ಮತ್ತೆ ಬಾವಿಯ ನೀರೇ ಆಯಿತು. ಮಳೆಗಾಲಕ್ಕೆ ಮುಂಚೆ ಮಾಳಿಗೆಯ ಮೇಲೆ ಬಿದ್ದ ಮಳೆನೀರು ಮರಳಿನ ಗುಂಡಿಗೆ ಇಳಿದು, ಅಲ್ಲಿಂದ ಬಾವಿಗೆ ಹೋಗುವಂತೆ ಪೈಪು ಹಾಕಿಸಿದ. ಅದನ್ನು ನೋಡಿ ಪಕ್ಕದ ಮನೆಯವರೂ ತಮ್ಮ ಮಾಳಿಗೆಯ ನೀರನ್ನು ನಮ್ಮ ಬಾವಿಗೇ ತಿರುಗಿಸಿದರು, ಮುಂದಿನ ಬೇಸಿಗೆಗೆ ಅವರೂ ಅಲ್ಲೇ ಸೇದಿದರು.

ಬಾವಿ ಮುಚ್ಚಲು ತಂದ ಕಲ್ಲು ಹಿತ್ತಲಲ್ಲಿ ಹಾಗೇ ಬಿದ್ದಿತ್ತು. ಅದರಿಂದ ನನ್ನ ಗಂಡ ಬಾವಿಗೆ ಕಟ್ಟೆ ಕಟ್ಟಿಸಿದ, ಅತ್ತೆ ಕೂತಲ್ಲಿಂದಲೇ ಹಗ್ಗ ಬಿಡುವಷ್ಟು ಎತ್ತರಕ್ಕೆ.