ಅಪ್ಪ ಮಿತಭಾಷಿಯಲ್ಲ

ಸ್ನೇಹಿತರೇ, ಕಳೆದ ವರ್ಷ ತೀರಿಕೊಂಡ ನನ್ನ ಅಪ್ಪ ‘ಮಿತಭಾಷಿ, ಗಂಭೀರ ಸ್ವಭಾವದವರು’ ಎಂದು ಕುಮಟಾದ ಪತ್ರಿಕೆಯೊಂದು ಇಂದಿನ ಶ್ರದ್ಧಾಂಜಲಿಯಲ್ಲಿ ಪ್ರಕಟಿಸಿದೆ. ಬರೆದುಕೊಟ್ಟವರು ಭಟ್ಕಳದ ನನ್ನ ಸೋದರಮಾವ.

ಅಪ್ಪ ಹೊನ್ನಾವರದ ಬಂದರಿನಲ್ಲಿ ದೋಣಿ ರಿಪೇರಿ ಮಾಡುತ್ತಿದ್ದರು. ಮನೆಗೆ ಬಂದ ಯಾರನ್ನೂ ನಗಿಸದೆ ಕಳಿಸಿದವರಲ್ಲ. ಇಂದು ಅಪ್ಪನ ವರ್ಷದ ತಿಥಿಯ ಊಟಕ್ಕೆ ಬಂದಿದ್ದ ಮಾವನ ಎದುರು ಅಮ್ಮ ಪತ್ರಿಕೆ ಹಿಡಿದು ನಿಂತಳು.

“ಇದೆಂತದಾ ತಮ್ಮ? ಗಂಭೀರ ಅಂದ್ರೆ ಯಾರು, ನಿನ್ನ ಭಾವನಾ?”

“ಸತ್ತವ್ರ ಬಗ್ಗೆ ಹಂಗೇ ಬರೀಬೇಕು ಅಕ್ಕ. ನಾಕು ಜನ ಓದ್ತಾರೆ, ಮರ್ಯಾದೆ ಬೇಡ್ವಾ?”

“ನಿನ್ನ ಮದುವೆಯಾದ ವರ್ಷ ಅವ್ರು ನನ್ನ ಸೀರೆ ಉಟ್ಟು, ತಲೆ ತುಂಬ ಸೆರಗು ಹೊದ್ದು ನಿಂಗೆ ಚಾ ಕೊಟ್ಟಿದ್ರು. ‘ಅಕ್ಕ, ಭಾವ ಎಲ್ಲಿ?’ ಅಂತ ನೀನು ಅವ್ರನ್ನೇ ಕೇಳಿದ್ದೆ. ಅದಕ್ಕೇ ಈಗ ಗಂಭೀರ ಮಾಡಿದ್ಯಾ?”

ಎಂಬತ್ತರ ದಶಕದ ಆ ಸಂಜೆ ನಾವು ಮಕ್ಕಳು ಅಡುಗೆಮನೆಯಲ್ಲಿ ಬಾಯಿಗೆ ಬಟ್ಟೆ ತುರುಕಿಕೊಂಡು ನಿಂತಿದ್ದೆವು. ನನಗೆ ಚೆನ್ನಾಗಿ ನೆನಪಿದೆ.

“ಅದನ್ನೆಲ್ಲ ಪೇಪರಿಗೆ ಹಾಕಿಸ್ತ್ಯಾ?” ಎಂದರು ಮಾವ.

“ಹಾಕಿಸ್ತೆ. ನಿನ್ನ ಹೆಸರು ಸಮೇತ! ನಲವತ್ತು ವರ್ಷ ನಗಿಸಿದವ್ರನ್ನ ಮೂಕ ಮಾಡೂಕೆ ನೀ ಯಾರು?”

ತಿದ್ದುಪಡಿಯನ್ನು ಅಮ್ಮನೇ ಬರೆದಿದ್ದಾಳೆ. ‘ಅವರು ಬಹಳ ಮಾತಾಡುತ್ತಿದ್ದರು. ನಮ್ಮನ್ನೆಲ್ಲ ನಗಿಸುತ್ತಿದ್ದರು.’ ಇಷ್ಟೇ.

ನಾಳೆ ಬೆಳಿಗ್ಗೆ ಒಂಬತ್ತರ ಬಸ್ಸಿಗೆ ಅಮ್ಮ ಕುಮಟಾಕ್ಕೆ ಹೊರಡುತ್ತಾಳೆ. ಸಾಕ್ಷಿ ಹೇಳಲು ಮಾವನೂ ಹೋಗುತ್ತಾರೆ.