ಆಡಿನ ರಕ್ತಕ್ಕೆ ಜಿಂಕೆಯ ವರದಿ

ಹೆಬ್ಬೆರಳಿಗಿಂತ ಚಿಕ್ಕದಾದ ಒಂದು ಸೀಸೆ. ಕಳೆದ ವಾರ ಮೈಸೂರಿನಲ್ಲಿ ತಂಗಿಯ ಮೊಮ್ಮಗಳ ಲ್ಯಾಬ್ ನೋಡಲು ಹೋದಾಗ ಮುಚ್ಚಳವನ್ನೂ ತೆಗೆಯದೆ ಮೇಜಿನ ಮೇಲೆ ಬಿದ್ದಿತ್ತು. ಏನಿದು ಎಂದೆ. ಕೃತಕವಾಗಿ ತಯಾರಿಸಿದ ಪೆಪ್ಟೈಡ್ ಅಂತೆ. ಪರೀಕ್ಷೆಯಲ್ಲಿ ಗುರುತು ಹಿಡಿಯಲು ಬಳಸುವ ಆಂಟಿಬಾಡಿ ಎಂಬ ವಸ್ತು ಹಿಡಿಯಬೇಕಾದ ಪ್ರೋಟೀನಿನದೇ ಒಂದು ತುಣುಕು. ಮೊದಲು ಇದನ್ನು ಕೊಟ್ಟು ಆಂಟಿಬಾಡಿಯ ಹೊಟ್ಟೆ ತುಂಬಿಸಬೇಕು. ಆಮೇಲೂ ಪರೀಕ್ಷೆಯಲ್ಲಿ ಗುರುತು ಮೂಡಿದರೆ ಅದು ಬೇರೇನನ್ನೋ ಹಿಡಿದಿದೆ ಎಂದರ್ಥ.

"ಮತ್ತೆ ನೀನು ಹಾಕಿಯೇ ಇಲ್ಲವಲ್ಲ?"

"ಟೈಮಿಲ್ಲ ತಾತ. ಗುರುತು ಚೆನ್ನಾಗೇ ಬಂದಿದೆ, ರಿಪೋರ್ಟ್ ಬರೆದುಬಿಟ್ಟೆ."

ಮೈಯೆಲ್ಲ ಉರಿದುಹೋಯಿತು. ಇದೇ ಮಾತನ್ನು ಹುಣಸೂರಿನಲ್ಲಿ ಕೇಳಿದ್ದೆ, ಎಪ್ಪತ್ತರ ದಶಕದಲ್ಲಿ...

ಆಗ ನಾನೊಂದು ಸಣ್ಣ ಲ್ಯಾಬಿನಲ್ಲಿ ಟೈಪಿಸ್ಟ್. ಪರೀಕ್ಷೆಗಳನ್ನು ಮಾಡುತ್ತಿದ್ದವರನ್ನು ನಾವೆಲ್ಲ ಲ್ಯಾಬಕ್ಕ ಎನ್ನುತ್ತಿದ್ದೆವು. ಮೊಲಗಳಿಗೆ ಜಿಂಕೆಯ ರಕ್ತದ ತಿಳಿ ಚುಚ್ಚಿ, ಆಮೇಲೆ ಆ ಮೊಲಗಳ ರಕ್ತದಿಂದ ಜಿಂಕೆಯ ರಕ್ತವನ್ನು ಗುರುತಿಸುವ ಸೀರಂ ತಯಾರಿಸುತ್ತಿದ್ದರು. ಬೈಯುತ್ತಲೇ ಮೊಲಗಳಿಗೆ ಹುಲ್ಲು ಹಾಕುತ್ತಿದ್ದರು, ಬೈಯುತ್ತಲೇ ನಮಗೆ ಕಾಫಿ ಕೊಡುತ್ತಿದ್ದರು.

ಒಮ್ಮೆ ಅಂತರಸಂತೆ ಕಡೆಯ ಆದಿವಾಸಿಗಳ ಹಾಡಿಯಲ್ಲಿ ಎಲೆಗಳ ಮೇಲೆ ಮಾಂಸದ ಗುಡ್ಡೆ ಹಾಕಿದ್ದನ್ನು ಅರಣ್ಯ ಇಲಾಖೆಯ ಗಾರ್ಡುಗಳು ಕಂಡರು. ಹರಕೆಯ ಆಡನ್ನು ಮನೆಗೊಂದು ಗುಡ್ಡೆಯಂತೆ ಹಂಚುವುದು ಅಲ್ಲಿನ ರೂಢಿ. ಇವರ ಕಣ್ಣಿಗೆ ಅದು ಬೇಟೆಯ ಪಾಲು. ಚರ್ಮ ಎಲ್ಲಿ, ತಲೆ ಎಲ್ಲಿ ಎಂದು ನೋಡುವ ತಾಳ್ಮೆ ಯಾರಿಗಿತ್ತು! ಹಂಚುತ್ತಿದ್ದವನನ್ನು ಒಳಗೆ ಹಾಕಿ, ರಕ್ತ ಹತ್ತಿದ ಮಚ್ಚನ್ನು ನಮಗೆ ಕಳಿಸಿದರು.

ಅವನ ಹೆಂಡತಿ ಬಸ್ಸು ಹಿಡಿದು ಬಂದು ಲ್ಯಾಬಿನ ಬಾಗಿಲಲ್ಲೇ ಕೂತಳು. "ನಮ್ಮನೆ ಆಡೇ ಕಣಕ್ಕ. ಮಗೀಗೆ ವಾಸಿ ಆಯ್ತಲ್ಲ, ಅರಕೆ ತೀರುಸ್ದೊ" ಎಂದಳು.

ಮಚ್ಚಿನ ಕಲೆಗೆ ಸೀರಂ ತಾಗಿಸಿದಾಗ ಬಿಳಿ ಉಂಗುರ ಮೂಡಿತು. ಜಿಂಕೆ! ನಮ್ಮ ಲ್ಯಾಬಿನ ಸಾಹೇಬರು ಕುಣಿದುಬಿಟ್ಟರು. ಲ್ಯಾಬಕ್ಕ ಒಪ್ಪಲಿಲ್ಲ.

"ಈ ಸೀರಂ ಆಡನ್ನೂ ಹಿಡಿಯುತ್ತೆ ಸಾರ್. ಮೊದ್ಲು ಆಡಿನ ರಕ್ತದ ತಿಳಿ ಬೆರೆಸಿ ಆ ಚಪಲ ತೀರಿಸ್ತೀನಿ. ಆಮೇಲೂ ಉಂಗುರ ಬಂದ್ರೆ ಜಿಂಕೆ. ನಾಳೆವರ್ಗೂ ತಡೀರಿ."

"ಬಂದೈತಲ್ಲ ಉಂಗುರ! ಟೈಮಿಲ್ಲ ಕಣಮ್ಮ" ಎಂದ ಸಾಹೇಬರು ನನ್ನತ್ತ ತಿರುಗಿದರು. "ಟೈಪ್ ಮಾಡೋ."

ಮಾಡಿದೆ. ನನ್ನ ಕೈ ಸೇದಿಹೋಗಬಾರದಿತ್ತೆ!

ಮರುದಿನ ಲ್ಯಾಬಕ್ಕನ ಪರೀಕ್ಷೆ ಮುಗಿಯಿತು. ಚಪಲ ತೀರಿದ ಸೀರಂ ನಿಜವಾದ ಜಿಂಕೆಯ ರಕ್ತದಲ್ಲಿ ಉಂಗುರ ಮೂಡಿಸಿತು, ಮಚ್ಚಿನ ಕಲೆಯಲ್ಲಿ ಮೂಡಿಸಲಿಲ್ಲ. ಆಡೇ. "ಕಳಿಸಿದ್ದು ಕಳಿಸಾಯ್ತು" ಎಂದರು ಸಾಹೇಬರು. ಎಂಥ ನಾಚಿಕೆಗೆಟ್ಟ ಮಾತು! ಲ್ಯಾಬಕ್ಕ ಇನ್ನೊಂದು ವರದಿಯನ್ನು ತಾವೇ ಕೈಯಲ್ಲಿ ಬರೆದು, ಆ ಹೆಂಗಸನ್ನೂ ಕರೆದುಕೊಂಡು ಕೋರ್ಟಿಗೆ ಹೊರಟರು. ಆದರೂ ಅವನು ಹೊರಬರಲು ಮೂರು ತಿಂಗಳು ಹಿಡಿಯಿತು. ಒಳಗೆ ಹೊಡೆದ ಏಟಿಗೆ ಅವನ ಒಂದು ಕಿವಿ ಹೋಗಿತ್ತು. ಯಾರನ್ನು ಕೇಳುವುದು?

ಲ್ಯಾಬಕ್ಕನಿಗೆ ದೂರದೂರಿಗೆ ವರ್ಗವಾಯಿತು. ಆ ಆದೇಶವನ್ನೂ ನಾನೇ ಟೈಪ್ ಮಾಡಿದೆ. ಹೊರಡುವಾಗ "ಮೊಲಗಳಿಗೆ ಹುಲ್ಲು ಹಾಕೋದು ಮರೀಬೇಡ" ಎಂದರೇ ಹೊರತು ಆ ಮೊದಲ ವರದಿಯ ಬಗ್ಗೆ ತುಟಿ ಎರಡು ಮಾಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು... ಹುಡುಕಿಕೊಂಡು ಹೋಗಿ ತಪ್ಪಾಯ್ತು ಎನ್ನಬೇಕೆಂದು ಎಷ್ಟೋ ವರ್ಷ ಅಂದುಕೊಂಡೆ. ಹೋಗಲಿಲ್ಲ. ಕೊನೆಗೆ ಅವರು ತೀರಿಕೊಂಡ ಸುದ್ದಿಯೇ ಬಂತು.

ಮೊಮ್ಮಗಳಿಗೆ ಇಷ್ಟನ್ನೂ ಹೇಳಿದೆ. ಅವಳು ಸೀಸೆಯ ಮುಚ್ಚಳ ತೆಗೆದಳು.

"ಇದು ಮುಗಿಯೋಕೆ ನಾಳೆವರೆಗೂ ಆಗುತ್ತೆ ತಾತ."

"ಆಗಲಿ, ಕಾಯೋಣ" ಎಂದೆ. ಅಂದು ಟೈಪ್‌ರೈಟರಿನ ಮುಂದೆ ಕೂತು ನಾನು ಹೇಳಬೇಕಿದ್ದದ್ದೂ ಇಷ್ಟೇ.