ಗಡಿಬಿಡಿ ಅಕ್ಕ ಹಾಕಿದ ಗುರುತು

ಅವಳಿಗೆ ಗಡಿಬಿಡಿ ಅಕ್ಕ ಅಂತ ಹೆಸರಿಟ್ಟವರು ಯಾರೋ ಗೊತ್ತಿಲ್ಲ. ಯಾರೇ ಆಗಲಿ, ಅವರ ಬಾಯಿಗೆ ಸಕ್ಕರೆ ಹಾಕಬೇಕು. ಆರೈಕೆ ಮನೆಯಲ್ಲಿ ಹತ್ತೊಂಬತ್ತು ವರ್ಷ ಆಯಾ ಆಗಿ ದುಡಿದ ಆ ಹೆಂಗಸು ಒಂದು ದಿನವಾದರೂ ನಿಧಾನವಾಗಿ ನಡೆದದ್ದನ್ನು ಕಂಡವರಿಲ್ಲ. ತಿಂಡಿಯ ಗಂಟೆ ಹೊಡೆಯುವಷ್ಟರಲ್ಲಿ ಎಂಟು ಜನರ ಮುಖ ತೊಳೆಸಿ, ತಲೆ ಬಾಚಿ, ಅಂಗಿ ತೊಡಿಸಿ, ಗಾಲಿಕುರ್ಚಿಯಲ್ಲಿ ಕೂರಿಸಿ ಊಟದ ಕೋಣೆಯ ಬಾಗಿಲಿಗೆ ತಂದುಬಿಡುತ್ತಿದ್ದಳು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಕೆಲಸ. ಚಳಿಗಾಲದಲ್ಲಿ ಕೈಯನ್ನು ಬಿಸಿನೀರಲ್ಲಿ ಅದ್ದಿ ಒರೆಸಿಕೊಂಡೇ ಯಾರನ್ನಾದರೂ ಮುಟ್ಟುತ್ತಿದ್ದಳು. ಮುದುಕರಿಗೆ ಅವಳೆಂದರೆ ಪ್ರಾಣ.

"ಇವಳ ಕೈಗೆ ಸಿಕ್ಕಿದ್ರೆ ಮುಗೀತು," ಎನ್ನುತ್ತಿದ್ದ ಅವಳ ಎಲೆಕ್ಟ್ರಿಷಿಯನ್ ಗಂಡ. "ನನ್ನ ಟೀನ ಇವಳೇ ಆರಿಸಿ, ಇವಳೇ ಕುಡಿದುಬಿಡ್ತಾಳೆ."

ಎಲ್ಲರೂ ನಗುತ್ತಿದ್ದರು. ಆದರೆ ಆ ಮಾತಿನಲ್ಲಿ ಎಷ್ಟು ಸತ್ಯವಿತ್ತು ಅನ್ನುವುದು ಅವಳಿಗೆ ಗೊತ್ತಾಗಲು ಏಳನೇ ಕೋಣೆಗೆ ಟೀಚರಮ್ಮ ಬರಬೇಕಾಯಿತು.

ಟೀಚರಮ್ಮ ಮೂವತ್ತೈದು ವರ್ಷ ಮಕ್ಕಳಿಗೆ ಲೆಕ್ಕ ಕಲಿಸಿದವರು. ಸ್ಟ್ರೋಕ್ ಆಗಿ ಎಡಗೈ ಎಡಗಾಲು ಸೋತಿದ್ದವು. ನಾಲಿಗೆ ಮಾತ್ರ ಒಂಚೂರೂ ಸೋತಿರಲಿಲ್ಲ. ಅವರಿಗಿದ್ದದ್ದು ಒಬ್ಬಳೇ ತಂಗಿ, ಅವಳಿಗೇ ಅರವತ್ತೆಂಟು, ಸೊಂಟದ ನೋವು ಬೇರೆ. ಆರೈಕೆ ಮನೆಯವರು ಮೊದಲ ದಿನವೇ ಕಡ್ಡಿ ಮುರಿದ ಹಾಗೆ ಹೇಳಿದ್ದರು: ಆರು ವಾರದಲ್ಲಿ ಟೀಚರಮ್ಮ ತಾವೇ ಹಾಸಿಗೆಯಿಂದ ಏಳಬೇಕು, ತಾವೇ ಬಟ್ಟೆ ಹಾಕಿಕೊಳ್ಳಬೇಕು. ಆಗ ತಂಗಿಯ ಜೊತೆ ಮನೆಗೆ. ಇಲ್ಲದಿದ್ದರೆ ಹಿತ್ತಲ ಕಡೆ, ಕಾಯಂ ಇರುವವರ ಹಿಂದಿನ ಕಟ್ಟಡಕ್ಕೆ. ಹಿಂದಿನ ಕಟ್ಟಡಕ್ಕೆ ಹೋದವರು ಪೆಟ್ಟಿಗೆ ಹಿಡಿದು ವಾಪಸ್ಸು ಬಂದದ್ದಿಲ್ಲ.

ಏಳುವ ನಡೆಯುವ ಪಾಠ ಫಿಸಿಯೋ ಡಾಕ್ಟರದು, ಬಟ್ಟೆಯ ಪಾಠ ಆಯಾಳದು. ಹಾಸಿಗೆಯ ತುದಿಗೆ ದಿನಕ್ಕೊಂದು ಗುರುತು ಹಾಕುವ ಹಾಳೆ ತೂಗುತ್ತಿತ್ತು. ಅದರಲ್ಲಿ ಮೂರು ಮನೆ: 'ಪೂರ್ತಿ ಸಹಾಯ', 'ಸ್ವಲ್ಪ ಸಹಾಯ', 'ತಾನೇ'. ಮೊದಲ ದಿನ ಗಡಿಬಿಡಿ ಅಕ್ಕ 'ಪೂರ್ತಿ ಸಹಾಯ' ಅನ್ನುವಲ್ಲಿ ಗುರುತು ಹಾಕಿದಳು. ಟೀಚರಮ್ಮ ತಲೆ ವಾರೆ ಮಾಡಿ ಅದನ್ನು ಓದಿದರು. ಗೋಡೆ ಕಡೆ ಹೊರಳಿಕೊಂಡರು.

ಅಷ್ಟೇ ಸಾಕಾಯಿತು, ಅಕ್ಕನ ಕರುಳು ಚುರ್ ಎಂದಿತು. ಮರುವಾರದಿಂದ ಗುರುತು 'ಸ್ವಲ್ಪ ಸಹಾಯ'ಕ್ಕೆ ಜರುಗಿತು, ಆಮೇಲೆ 'ತಾನೇ'ಗೆ. ಕೆಲಸ ಮಾತ್ರ ಎಂದಿನಂತೆ ಅವಳದೇ. ಟೀಚರಮ್ಮ ತೋಳೆತ್ತುವಷ್ಟರಲ್ಲಿ ಅಂಗಿ ಮೈಮೇಲಿರುತ್ತಿತ್ತು. ಅವರ ಬೆರಳು ಗುಂಡಿಯ ಮೇಲಿದ್ದರೆ ಇವಳ ಬೆರಳು ಅದರ ಕೆಳಗಿರುತ್ತಿತ್ತು. "ನೋಡಿ, ನೀವೇ ಹಾಕ್ಕೊಂಡ್ರಲ್ಲ!" ಎನ್ನುವಳು. ಟೀಚರಮ್ಮನೂ ನಂಬಿದರು. ನಂಬಲು ಯಾರಿಗೆ ಇಷ್ಟವಿಲ್ಲ ಹೇಳಿ!

ಆರನೇ ವಾರದ ಕೊನೆಯಲ್ಲಿ ಪರೀಕ್ಷೆ. ತಂಗಿ ಇಸ್ತ್ರಿ ಮಾಡಿದ ಅಂಗಿ ತಂದಳು. ಫಿಸಿಯೋ ಡಾಕ್ಟರು ಹಾಳೆ ಹಿಡಿದು ನಿಂತರು. ಟೀಚರಮ್ಮ ಹಾಸಿಗೆಯಿಂದ ಚೆನ್ನಾಗಿಯೇ ಎದ್ದು ಕುರ್ಚಿಯಲ್ಲಿ ಕೂತರು. ಆಮೇಲೆ ಅಂಗಿ ಎತ್ತಿಕೊಂಡು ಬಲಗೈಯನ್ನು ತೋಳಿಗೆ ತೂರಿಸಿದರು.

ಅಯ್ಯೋ, ಅಲ್ಲೇ ಎಡವಟ್ಟಾಯಿತು. ಸೋತ ಕೈಗೆ ಮೊದಲು ತೊಡಬೇಕು, ಗಟ್ಟಿ ಕೈಗೆ ಆಮೇಲೆ. ಈ ಕಸುಬಿನ ಅಕ್ಷರಮಾಲೆಯ ಮೊದಲ ಅಕ್ಷರ ಇದು. ಟೀಚರಮ್ಮನಿಗೆ ಅದನ್ನು ಯಾರೂ ಹೇಳಿರಲಿಲ್ಲ. ಹೇಳುವ ಅಗತ್ಯವೇ ಬಿದ್ದಿರಲಿಲ್ಲವಲ್ಲ! ಅಂಗಿ ಬೆನ್ನ ಹಿಂದೆ ಸುತ್ತಿಕೊಂಡಿತು, ಎಡಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಅವರು ಎಳೆದರು, ಬೆವರಿದರು, ಕೊನೆಗೆ ಕಣ್ಣು ಮುಚ್ಚಿಕೊಂಡರು.

"ಇಪ್ಪತ್ತಾರು ದಿನದಿಂದ 'ತಾನೇ' ಅಂತಿದೆಯಲ್ಲ ಇಲ್ಲಿ?" ಎಂದರು ಡಾಕ್ಟರು.

ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಗಡಿಬಿಡಿ ಅಕ್ಕನಿಗೆ. "ತಪ್ಪು ನಂದು ಸಾರ್. ಅಷ್ಟೂ ದಿನ ನಾನೇ ಹಾಕಿದ್ದು. ಅವರಿಗೆ ಬೇಜಾರಾಗಬಾರದು ಅಂತ ಹಾಗೆ ಬರೆದೆ. ಅವರನ್ನ ಹಿಂದಕ್ಕೆ ಕಳಿಸಬೇಡಿ, ಕಾಲಿಗೆ ಬೀಳ್ತೀನಿ."

ಡಾಕ್ಟರು ಹಾಳೆಯನ್ನು ಮತ್ತೊಮ್ಮೆ ಮೇಲಿಂದ ಕೆಳಗೆ ಓದಿದರು. "ಹತ್ತು ದಿನ," ಎಂದರು. "ಅದಕ್ಕಿಂತ ಒಂದು ದಿನವೂ ಹೆಚ್ಚಿಲ್ಲ."

ಎಲ್ಲರೂ ಹೋದ ಮೇಲೆ ಟೀಚರಮ್ಮ ಬಾಯಿಬಿಟ್ಟರು. "ಏ, ಇಲ್ಲಿ ಬಾ. ಮೂವತ್ತೈದು ವರ್ಷ ನಾನು ಯಾರಿಗೂ ಗ್ರೇಸ್ ಮಾರ್ಕ್ಸ್ ಕೊಟ್ಟೋಳಲ್ಲ. ನನಗೆ ಕೊಡೋಕೆ ನೀನ್ಯಾರೇ?"

"ನಿಮ್ಮ ಮುಖ ನೋಡೋಕಾಗ್ಲಿಲ್ಲ ಟೀಚರ್."

"ನನ್ನ ಮುಖ ನೋಡೋಕಾಗದೆ ನನ್ನ ಮನೇನೇ ಕಳೀತಿದ್ದೆಯಲ್ಲೇ, ಪುಣ್ಯಾತ್ಗಿತ್ತಿ! ನಾಳೆ ಬೆಳಿಗ್ಗೆ ಬಂದು ಕಲಿಸು. ಕೈ ಮುಂದೆ ಮಾಡಿದ್ರೆ ಜೋಕೆ."

ಮರುದಿನ ಬೆಳಿಗ್ಗೆ ಗಡಿಬಿಡಿ ಅಕ್ಕ ಎರಡೂ ಕೈಯನ್ನು ಏಪ್ರನ್ ಜೇಬಿಗೆ ತುರುಕಿಕೊಂಡು ನಿಂತಳು. ನೋಡುವವರಿಗೆ ಏನೂ ಅಲ್ಲ, ಅವಳಿಗೆ ಬೆಂಕಿ ಮೇಲೆ ನಿಂತ ಹಾಗೆ. "ಎಡಗೈಗೆ ಮೊದಲು ಟೀಚರ್. ಅಂಗಿ ತೊಡೆ ಮೇಲೆ ಹರಡಿ. ಹಾಂ. ಈಗ ತೋಳನ್ನ ಮೊಣಕೈ ದಾಟಿಸಿ." ಮೊದಲ ದಿನ ನಲವತ್ತೊಂದು ನಿಮಿಷ! ಉಳಿದ ಏಳು ಜನ ಸಾಲಾಗಿ ಕಾದರು. "ಇವತ್ತು ತಿಂಡಿಯೋ, ರಾತ್ರಿ ಊಟವೋ?" ಎಂದು ಅಡುಗೆಯವನು ಸೌಟು ಹಿಡಿದೇ ಬಾಗಿಲಿಗೆ ಬಂದ.

"ಹೊಟ್ಟೆ ಹಸಿದವರು ಹೋಗಿ ತಿನ್ನಲಿ, ನನ್ನ ಅಂಗಿ ಇನ್ನೂ ಅರ್ಧ ಇದೆ," ಎಂದರು ಟೀಚರಮ್ಮ ಒಳಗಿನಿಂದಲೇ.

ಅತಿಯಾದರೆ ಅಮೃತವೂ ವಿಷ ಎಂಬ ಗಾದೆಯನ್ನು ಗಡಿಬಿಡಿ ಅಕ್ಕ ಸಾವಿರ ಸಲ ಕೇಳಿದ್ದಳು. ಆ ಹತ್ತು ದಿನ ಅದು ಅವಳ ಜೇಬಿನಲ್ಲೇ ಕೂತಿತ್ತು. ಟೀಚರಮ್ಮನ ಬೆರಳು ಗುಂಡಿಯಿಂದ ಜಾರಿದಾಗಲೆಲ್ಲ ಇವಳ ಬೆರಳು ಒಳಗೇ ಕುಣಿಯುತ್ತಿತ್ತು. ತಡೆಯಲಾಗದಿದ್ದರೆ ಕಿಟಕಿಯ ಬಳಿ ಹೋಗಿ ಒಂದೇ ಟವೆಲ್ಲನ್ನು ಬಿಚ್ಚಿ ಮಡಚಿ ಬಿಚ್ಚಿ ಮಡಚಿ ಬರುತ್ತಿದ್ದಳು. ಇಪ್ಪತ್ತೇಳು ನಿಮಿಷವಾಯಿತು, ಹತ್ತೊಂಬತ್ತಾಯಿತು. ಒಂದು ದಿನ ಗುಂಡಿಯೆಲ್ಲ ಒಂದೊಂದು ಮನೆ ತಪ್ಪಿ ಕೂತವು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು, ಮತ್ತೆ ಮೊದಲಿಂದ ಶುರು ಮಾಡಿದರು. ಒಂದೇ ಒಂದು ಗುಂಡಿ ಮಾತ್ರ ಜಪ್ಪಯ್ಯ ಅಂದರೂ ಬಗ್ಗಲಿಲ್ಲ. ಕತ್ತಿನ ಕೆಳಗಿನ ಮೊದಲ ಗುಂಡಿ. ಕಣ್ಣಿಗೆ ಕಾಣುವುದಿಲ್ಲ, ಒಂದೇ ಕೈಗೆ ಸಿಗುವುದಿಲ್ಲ.

ಹತ್ತನೇ ದಿನ ಅದೇ ಕೋಣೆ, ಅದೇ ಡಾಕ್ಟರು, ಅದೇ ತಂಗಿ. ಟೀಚರಮ್ಮ ಎದ್ದರು, ಕೂತರು. ಎಡಗೈ, ಬಲಗೈ, ಕೆಳಗಿನ ಗುಂಡಿಯಿಂದ ಮೇಲಕ್ಕೆ. ಹದಿನಾಲ್ಕು ನಿಮಿಷ. ಕತ್ತಿನ ಗುಂಡಿಗೆ ಮೂರು ಸಲ ಪ್ರಯತ್ನಿಸಿ ಕೈ ಇಳಿಸಿದರು. ಡಾಕ್ಟರು ಹಾಳೆಯನ್ನೂ ಪೆನ್ನನ್ನೂ ಗಡಿಬಿಡಿ ಅಕ್ಕನ ಕೈಗಿತ್ತರು.

'ತಾನೇ' ಎಂದರೆ ಮನೆ. ಒಂದೇ ಗುಂಡಿ, ಯಾರ ಗಂಟು ಹೋಗುತ್ತದೆ? ತಲೆಯೆತ್ತಿದರೆ ಟೀಚರಮ್ಮ ಅವಳನ್ನೇ ನೋಡುತ್ತಿದ್ದರು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಅವಳು ಒಂದು ಕೆಲಸವನ್ನು ನಿಧಾನವಾಗಿ ಮಾಡಿದಳು. 'ಸ್ವಲ್ಪ ಸಹಾಯ' ಅನ್ನುವಲ್ಲಿ ಗುರುತು ಹಾಕಿ, ಕಣ್ಣೀರು ಒರೆಸಿಕೊಳ್ಳದೆ ಹಾಳೆ ಹಿಂದಿರುಗಿಸಿದಳು.

"ಹಾಗಾದ್ರೆ ಮನೇಲಿ ಈ ಸಹಾಯ ಯಾರು ಮಾಡ್ತಾರೆ?" ಡಾಕ್ಟರು ಕೇಳಿದರು.

ಅಷ್ಟು ಹೊತ್ತು ಉಸಿರು ಬಿಗಿಹಿಡಿದು ಕೂತಿದ್ದ ತಂಗಿ ಸೊಂಟ ಹಿಡಿದುಕೊಂಡೇ ಎದ್ದಳು. "ಇದೇನ್ ಸಾರ್ ಹೀಗೆ ಕೇಳ್ತೀರಿ? ಗುಂಡಿ ಹಾಕೋಕೆ ಸೊಂಟ ಯಾಕೆ ಬೇಕು?" ಎಂದು ಟೀಚರಮ್ಮನ ಕಡೆ ತಿರುಗಿದಳು. "ಅಕ್ಕ, ಎಲ್ಲಾನೂ ನೀನೇ ಮಾಡ್ಕೊಂಡ್ರೆ ನಾನ್ಯಾಕೆ ಇರೋದು? ಅದೊಂದು ನನಗಿರಲಿ."

ಡಾಕ್ಟರು ಹಾಳೆಯ ಕೆಳಗೆ 'ತಂಗಿಯ ಜೊತೆ ಮನೆಗೆ' ಎಂದು ಬರೆದರು. ಟೀಚರಮ್ಮ ಏನೋ ಬೈಯಲು ಬಾಯಿ ತೆರೆದವರು, ಬೈಯುವ ಬದಲು ಗದ್ದ ಎತ್ತಿ ಕತ್ತು ತೋರಿಸಿದರು.